ಹೊಳೆ ದಾಟಿದ ಮೇಲೆ

ಬೆಂಗಳೂರಿನ ನನ್ನ ಮಿತ್ರರೊಬ್ಬರು ಸಹೃದಯರು. ಪರದೇಶದ ಯಾರೋ ನಿವೃತ್ತರು ಹಳೆಯ ಮರದ ಹಾಯಿದೋಣಿಯೊಂದನ್ನು ಮನೆಯಂಗಳಕ್ಕೆ ತಂದು, ವರ್ಷಗಟ್ಟಲೆ ಹಲಗೆ ಹಲಗೆಯಾಗಿ ದುರಸ್ತಿ ಮಾಡಿ ಮತ್ತೆ ನೀರಿಗಿಳಿಸಿದ ಕಥೆಯನ್ನು ಅವರು ನನಗೆ ಹೇಳಿದ್ದುಂಟು. ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. “ಇದಲ್ಲವೇ ಸಂಸ್ಕೃತಿ!” ಎಂದಿದ್ದರು.

ಅದೇ ಮಿತ್ರರು ಈಚೆಗೆ ಶ್ರೀರಾಮನಗರದ ನಮ್ಮ ಮನೆಗೆ ಬಂದರು. ಹಿತ್ತಿಲಲ್ಲಿ ನಾನು ಮುರುಕು ಹರಿಗೋಲೊಂದನ್ನು ಬೋರಲು ಹಾಕಿಕೊಂಡು ಬಿದಿರು ಸೀಳುತ್ತ ಕುಳಿತಿದ್ದೆ. ಅವರು ನಕ್ಕರು. “ಇದನ್ನು ಬಚ್ಚಲ ಒಲೆಗೆ ಹಾಕಿ. ಮನಸ್ಸು ಬಾರದಿದ್ದರೆ ಪಡಸಾಲೆಯಲ್ಲಿ ತೂಗುಹಾಕಿ, ಒಳಗೊಂದು ದೀಪವಿಡಿ, ಚೆನ್ನಾಗಿರುತ್ತದೆ” ಎಂದರು. ಆ ನಗೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬತ್ತದ ಊರು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬದುಕಿದ ಸೀಮೆ. ನಮಗೆ ನೀರೆಂದರೆ ಕಾಲುವೆ; ಹೊಳೆಯನ್ನು ನಾವು ಮರೆತಿದ್ದೇವೆ. ಆದರೆ ಇದೇ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಹರಿಗೋಲೇ ಶತಮಾನಗಳ ಹೆದ್ದಾರಿ. ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು. ಚರ್ಮ ಹೋಗಿ ಡಾಂಬರು ಬಂದಿದೆ. ಉಳಿದಂತೆ ಪಾಯೆಸ್ ಇಂದು ಎದ್ದು ಬಂದರೂ ಗುರುತು ಹಿಡಿದಾನು. ಹಂಪೆಯ ಎಷ್ಟು ವಸ್ತುಗಳ ಬಗ್ಗೆ ಈ ಮಾತು ಹೇಳಬಲ್ಲಿರಿ? ಅರಮನೆ ಬಿತ್ತು, ಬಜಾರು ಬರಿದಾಯಿತು, ಬುಟ್ಟಿ ಉಳಿಯಿತು. ಏಕೆ ಉಳಿಯಿತು? ಕಲ್ಲಿಗಿಂತ ಗಟ್ಟಿಯೆಂದಲ್ಲ, ಹಳತಾದಾಗಲೆಲ್ಲ ಯಾರೋ ಅದನ್ನು ಮತ್ತೆ ಹೆಣೆದರು ಎಂದು.

ಆಕ್ಷೇಪಣೆಗಳಿವೆ, ಬಲ್ಲೆ. ಮೊದಲನೆಯದು: “ಸೇತುವೆಯ ಕಾಲದಲ್ಲಿ ಬುಟ್ಟಿಯ ಹಂಬಲವೇ?” ಸ್ವಾಮಿ, ಸೇತುವೆ ಬೇಡವೆಂದವರಾರು? ಹೆರಿಗೆಯ ನೋವು ತಿನ್ನುವ ಹೆಂಗಸು, ಶಾಲೆಗೆ ಹೋಗುವ ಮಗು ಪ್ರವಾಹ ಇಳಿಯಲೆಂದು ದಡದಲ್ಲಿ ಕಾಯಬೇಕೆನ್ನುವುದು ಸಂಸ್ಕೃತಿಯಲ್ಲ, ಕ್ರೌರ್ಯ. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟಲು ಹೊರಟ ಸೇತುವೆ ವಿಶ್ವ ಪರಂಪರೆಯ ವಿವಾದದಲ್ಲಿ ಸಿಕ್ಕಿ ವರ್ಷಗಟ್ಟಲೆ ನಿಂತಿತು. 1999ರಲ್ಲಿ ಹಂಪೆ ಅಪಾಯದ ಪಟ್ಟಿಗೆ ಸೇರಿ 2006ರಲ್ಲಿ ಹೊರಬಂತು. 2009ರ ಜನವರಿಯಲ್ಲಿ ಆ ಸೇತುವೆ ಕುಸಿದು ಕೂಲಿಕಾರರು ಸತ್ತರು. ಈಗ ಕಡೆಬಾಗಿಲು–ಬುಕ್ಕಸಾಗರದ ಸೇತುವೆ ಇದೆ. ಇರಲಿ, ಇರಬೇಕು. ಆದರೆ ಅಷ್ಟು ವರ್ಷ ಗುಡ್ಡದಂಥ ವಾದಗಳ ನಡುವೆ ಜನರನ್ನು ದಾಟಿಸಿದವನು ಅಂಬಿಗ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ನಾಚಿಕೊಳ್ಳಲೆಂದೇ ಹೊರತು ಅನುಸರಿಸಲೆಂದಲ್ಲ.

ಎರಡನೆಯದು: “ಪ್ರವಾಸಿಗಳಿದ್ದಾರಲ್ಲ, ಅವರಿಂದ ಹರಿಗೋಲು ಉಳಿಯುತ್ತದೆ.” ಈ ಮಾತಿಗೆ ನನಗೆ ಸಿಟ್ಟೇ ಬರುತ್ತದೆ. ದುಂಡಗಿನ ದೋಣಿಗೆ ತಲೆಯಿಲ್ಲ, ಬಾಲವಿಲ್ಲ. ಸುಮ್ಮನೆ ಬಿಟ್ಟರೆ ಗಿರಗಿರನೆ ತಿರುಗುತ್ತದೆ. ಅದನ್ನು ತಿರುಗಗೊಡದೆ, ಒಂದೇ ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ, ಸೆಳವಿಗೆ ಓರೆಯಾಗಿ, ಹೊರಟ ಕಲ್ಲಿನಿಂದ ಸೇರಬೇಕಾದ ಕಲ್ಲಿಗೆ ಒಯ್ಯುವುದು ಅಂಬಿಗನ ವಿದ್ಯೆ. ಪ್ರವಾಸಿ ಹಣ ಕೊಡುವುದು ಯಾವುದಕ್ಕೆ? ಗಿರಗಿರನೆ ತಿರುಗಿಸುವುದಕ್ಕೆ, ತಿರುಗುವಾಗ ಚಿತ್ರ ತೆಗೆಸಿಕೊಳ್ಳುವುದಕ್ಕೆ. ವಿದ್ವಾಂಸನನ್ನು ಕರೆಸಿ ತೊದಲಲು ಹೇಳಿ ದಕ್ಷಿಣೆ ಕೊಟ್ಟಂತಾಯಿತು. ಆ ದುಡ್ಡು ಅವನ ಮನೆಗೆ ಬೇಕು, ನಿಜ. ಆದರೆ ಅದರಿಂದ ವಿದ್ಯೆ ಉಳಿಯಿತೆಂದು ನಾವು ಬೀಗುವುದು ಬೇಡ.

ಮೂರನೆಯದು: “ಅಪಾಯ.” ಒಪ್ಪಿದೆ. ಅಪಾಯ ಕೊಳೆತ ಅಡಿಯಲ್ಲಿದೆ, ಮಿತಿಮೀರಿದ ಭಾರದಲ್ಲಿದೆ, ತೇಲುವ ಅಂಗಿಯಿಲ್ಲದೆ ಕೂರುವ ಜಂಬದಲ್ಲಿದೆ. ಮೊದಲನೆಯದಕ್ಕೆ ಮದ್ದು ದುರಸ್ತಿ. ದುರಸ್ತಿ ಮಾಡುವ ಕೈಯನ್ನು ಹಸಿವಿಗೆ ಬಿಟ್ಟು, ಆಮೇಲೆ ದೋಣಿ ಅಪಾಯವೆಂದು ಘೋಷಿಸುವುದು ಯಾವ ನ್ಯಾಯ?

ಆ ಕೈಯ ಮಾತು ಹೇಳಬೇಕು. ಬೇಡವೆಂದು ಬಿಸಾಕಿದ್ದ ಈ ಹರಿಗೋಲನ್ನು ನಾನು ಆನೆಗೊಂದಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಹೇರಿ ತಂದೆ. ಪುಸ್ತಕ ಓದಿದವನ ಧೈರ್ಯದಿಂದ ಒಣ ಸೀಳನ್ನು ಬಾಗಿಸಹೋದೆ; ಮೂರು ಮುರಿದವು, ಬೆರಳು ಕೊಯ್ದಿತು. ಕೊನೆಗೆ ಮೇದಾರರ ಹಿರಿಯರೊಬ್ಬರನ್ನು ಕರೆತಂದೆ. ಅವರು ಗೆಣ್ಣಿನಿಂದ ಅಡಿಯನ್ನೆಲ್ಲ ತಟ್ಟಿ, ಕೊಳೆತ ಜಾಗವನ್ನು ಸದ್ದಿನಿಂದಲೇ ಗುರುತಿಸಿದರು. ಮುರಿದ ಸೀಳನ್ನು ನೋಡಿ, “ಮಾಸ್ತರ, ಬಿದಿರಿಗೆ ಮೊದಲ ನೀರು ಕುಡಸ್ರಿ. ಕುಡದ ಮ್ಯಾಲ ಹೇಳಿದ ಮಾತು ಕೇಳತೈತಿ” ಎಂದರು. ನೆನೆಸಿದೆವು. ಸತ್ತ ಸೀಳನ್ನು ತೆಗೆದು, ಒಂದರ ಮೇಲೊಂದರ ಕೆಳಗೆ ಹೊಸದನ್ನು ನುಸುಳಿಸಿದೆವು. ಅಂಚು ಕಟ್ಟುವುದಕ್ಕೇ ಮೂರು ದಿನ ಹಿಡಿಯಿತು. ನಮ್ಮೂರ ಗದ್ದೆಗಳಲ್ಲಿ ಖಾಲಿಯಾದ ಗೊಬ್ಬರದ ಚೀಲಗಳನ್ನು ಹೊಲಿದು ಹೊದಿಸಿ, ಡಾಂಬರು ಕಾಯಿಸಿ ಬಳಿದೆವು. “ಮಕ್ಕಳು ಕಲಿತರೇನು?” ಎಂದು ಕೇಳಿದೆ. “ಕಲತ ಏನ ಮಾಡ್ಯಾರ್ರಿ?” ಎಂದರು. ಆ ಪ್ರಶ್ನೆಗೆ ಉತ್ತರ ಅವರು ಹೇಳಬೇಕಾದದ್ದಲ್ಲ, ನಾವು ಹೇಳಬೇಕಾದದ್ದು.

2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ‘ಕೌಂಡಿನ್ಯ’ವೆಂಬ ಹಾಯಿಹಡಗು ನಮ್ಮ ನೌಕಾಪಡೆಯನ್ನು ಸೇರಿತು. ಅಜಂತೆಯ ಗೋಡೆಯ ಐದನೆಯ ಶತಮಾನದ ಚಿತ್ರವೊಂದೇ ಅದಕ್ಕೆ ಮಾದರಿ. ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ನನಗೂ ಹೆಮ್ಮೆಯಾಯಿತು. ಆದರೆ ಆ ಹಡಗು ಎದ್ದದ್ದು ಚಿತ್ರದಿಂದಷ್ಟೇ ಅಲ್ಲ. ಹಲಗೆ ಹೊಲಿಯಬಲ್ಲ ಕೇರಳದ ಕೆಲವು ಕುಶಲರು ಇನ್ನೂ ಬದುಕಿದ್ದುದರಿಂದ. ಆ ಕೈಗಳೂ ಹೋಗಿದ್ದರೆ ಚಿತ್ರ ಗೋಡೆಯ ಮೇಲೆಯೇ ಇರುತ್ತಿತ್ತು. ನಾಳೆ ನಮ್ಮ ಮೊಮ್ಮಕ್ಕಳು ಪಾಯೆಸನ ಪುಟ ಮುಂದಿಟ್ಟುಕೊಂಡು, ಲಕ್ಷಗಟ್ಟಲೆ ಖರ್ಚು ಮಾಡಿ, ಹರಿಗೋಲನ್ನು ಊಹಿಸಿ ಕಟ್ಟಬೇಕೇ?

ಬೇಕಾದದ್ದು ಅಂಥ ದೊಡ್ಡ ಯೋಜನೆಯಲ್ಲ. 2017ರ ಕಾನೂನು ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ‘ಮರ’ದ ಪಟ್ಟಿಯಿಂದ ಹೊರಬಿದ್ದಿದೆ, ಕಾಲುವೆಯ ನೀರುಂಡ ನಾವು ನಮ್ಮ ಹೊಲದ ಬದುಗಳಲ್ಲಿ ನಾಲ್ಕು ಮೆಳೆ ಬೆಳೆದು ಮೇದಾರರಿಗೆ ಕೊಡಬಹುದು. ಹೊಳೆದಂಡೆಯ ಪಂಚಾಯಿತಿಗಳು ವರ್ಷಕ್ಕೊಮ್ಮೆ ಹರಿಗೋಲುಗಳನ್ನು ತಪಾಸಣೆ ಮಾಡಿಸಿ, ದುರಸ್ತಿಯ ಕೂಲಿಯನ್ನು ಕುಶಲರಿಗೆ ಕೊಡಬಹುದು. ಕಲಿಯುವ ಹುಡುಗನಿಗೂ ಅದರಲ್ಲೊಂದು ಪಾಲಿಡಬಹುದು. ಪ್ರವಾಸಿ ವಾಚಕರು ತಿರುಗಿಸೆನ್ನುವ ಬದಲು, “ಆಚೆ ದಡಕ್ಕೆ ನೆಟ್ಟಗೆ ಒಯ್ಯಪ್ಪ” ಎಂದು ಕೇಳಿ ಪೂರ್ತಿ ದುಡ್ಡು ಕೊಡಬಹುದು.

ಹನ್ನೊಂದನೆಯ ದಿನ ಹರಿಗೋಲನ್ನು ಹೊಳೆಗೆ ಒಯ್ದೆವು. ನಾನು ಹುಟ್ಟು ಹಾಕಿದಾಗ ಅದು ಬುಗುರಿಯಂತೆ ತಿರುಗಿತು. ಆನೆಗೊಂದಿಯ ಮುದುಕ ಅಂಬಿಗರೊಬ್ಬರು ನಕ್ಕು, ಹುಟ್ಟು ಇಸಿದುಕೊಂಡು, ಗೆರೆ ಎಳೆದಂತೆ ಆಚೆ ದಡ ಮುಟ್ಟಿಸಿದರು. ಅಡಿಯಲ್ಲಿ ಒಂದು ಹನಿ ನೀರಿರಲಿಲ್ಲ. ಪಡಸಾಲೆಯ ದೀಪದ ವಿಚಾರ ಮಿತ್ರರು ಇನ್ನು ಎತ್ತಲಾರರು. ಬಂದರೆ ಈ ಹರಿಗೋಲಿನಲ್ಲೇ ಅವರನ್ನೂ ದಾಟಿಸುತ್ತೇವೆ.