ಕೊಲೊನಿಯ ಮಣ್ಣು ಹೋಯಿತು, ಜನ ಅಲ್ಲೇ ಇದ್ದಾರೆ

ನ್ಯೂಯಾರ್ಕ್ ರಾಜ್ಯದ ಗವರ್ನರ್ ಕ್ಯಾಥಿ ಹೋಕಲ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರೇ,

ಆಲ್ಬನಿಯ ನಿಮ್ಮ ಕಚೇರಿಯಿಂದ ಸೆಂಟ್ರಲ್ ಅವೆನ್ಯೂ ಹಿಡಿದು ಹೊರಟರೆ ಕೆಲವೇ ಮೈಲಿಗೆ, ಕೊಲೊನಿ ಪಟ್ಟಣದ ಅಂಚಿನಲ್ಲಿ, 1130ನೇ ನಂಬರಿನ ಜಾಗ ಸಿಗುತ್ತದೆ. 1958ರಿಂದ 1984ರವರೆಗೆ ಅಲ್ಲಿ ನ್ಯಾಷನಲ್ ಲೆಡ್ ಕಂಪನಿ ಯುರೇನಿಯಂ ಕೆಲಸ ನಡೆಸಿತು. ಇದೇ ಕೊಲೊನಿಯಲ್ಲಿರುವ ಹಿಂದೂ ದೇವಸ್ಥಾನಕ್ಕೆ ನಮ್ಮ ಕನ್ನಡದ ಮನೆಗಳವರೂ ಬಂದು ಹೋಗುತ್ತಾರೆ. ಅವರೂ ಓದಲೆಂದು ಕನ್ನಡದಲ್ಲೇ ಬರೆದಿದ್ದೇನೆ. ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ತಲುಪುತ್ತದೆ.

ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತದಲ್ಲ, ಹಾಗೆ ಅಣು ಇಂಧನಕ್ಕೆ ಬೇಕಾದದ್ದನ್ನು ತೆಗೆದ ಮೇಲೆ ಉಳಿಯುವುದು ಡಿಪ್ಲೀಟೆಡ್ ಯುರೇನಿಯಂ. ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಸಾಂದ್ರ. ಟ್ಯಾಂಕನ್ನು ಸೀಳುವ ಗುಂಡಿಗೂ ಅದೇ, ಅಬ್ರಾಮ್ಸ್ ಟ್ಯಾಂಕಿನ ಕವಚಕ್ಕೂ ಅದೇ. ಅದರ ವಿಕಿರಣ ಸಹಜ ಯುರೇನಿಯಂಗಿಂತ ಶೇ. 40ರಷ್ಟು ಕಡಿಮೆ, ಗಟ್ಟಿ ಲೋಹವಾಗಿ ಪಕ್ಕದಲ್ಲಿದ್ದರೆ ಅಷ್ಟೇನೂ ಭಯವಿಲ್ಲ. ಭಯವಿರುವುದು ಅದು ಉರಿದಾಗ ಏಳುವ ನುಣ್ಣನೆಯ ಪುಡಿಯಲ್ಲಿ. ಉಸಿರಿನೊಂದಿಗೆ ಹೋದದ್ದು ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಕರಗಿದಷ್ಟು ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ವಿಷವಾಗುತ್ತದೆ.

ಕೊಲೊನಿಯ ಆ ಕಾರ್ಖಾನೆಯಲ್ಲಿ ಈ ಲೋಹದ ಗುಂಡು ಕಡೆಯುವಾಗ ಬಿದ್ದ ಚೂರುಗಳನ್ನು ಅಲ್ಲೇ ಸುಡುತ್ತಿದ್ದರು. 1979ರಲ್ಲಿ ನೋಲ್ಸ್ ಅಣು ಪ್ರಯೋಗಾಲಯದ ಲಿಯೊನಾರ್ಡ್ ಡೀಟ್ಸ್ ತಮ್ಮ ಸಂಸ್ಥೆಯ ಗಾಳಿ ಸೋಸುವ ಫಿಲ್ಟರುಗಳನ್ನು ಪರೀಕ್ಷಿಸುವಾಗ ಈ ಪುಡಿ ಕಂಡಿತು. ಕಾರ್ಖಾನೆಯಿಂದ 42 ಕಿಲೋಮೀಟರ್ ದೂರದ ಫಿಲ್ಟರಿನಲ್ಲೂ ಇತ್ತು. ತಿಂಗಳಿಗೆ ಗಾಳಿಗೆ ಬಿಡಬಹುದೆಂದು ರಾಜ್ಯ ವಿಧಿಸಿದ್ದ ಮಿತಿ 150 ಮೈಕ್ರೊಕ್ಯೂರಿ. ತೂಕಕ್ಕೆ ಇಳಿಸಿದರೆ 387 ಗ್ರಾಂ. ಎ-10 ಯುದ್ಧವಿಮಾನದ ಗುಂಡಿನೊಳಗಿನ ಯುರೇನಿಯಂ ಮೊಳೆಯ ಲೆಕ್ಕದಲ್ಲಿ ಎರಡೂ ಪೂರ್ತಿ ಆಗುವುದಿಲ್ಲ. ಕಾರ್ಖಾನೆ ಆ ಮಿತಿಯನ್ನೂ ಮೀರಿತು. 1980ರಲ್ಲಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು.

ಆಮೇಲೆ ಮಣ್ಣಿನ ಸರದಿ. ಕಟ್ಟಡ ಕೆಡವಿ, ಒಂದು ಲಕ್ಷ ಘನ ಗಜಕ್ಕೂ ಹೆಚ್ಚು ಮಣ್ಣನ್ನು ಅಗೆದು ಸಾಗಿಸಿದರು. ಒಳ್ಳೆಯ ಕೆಲಸ, ಮನಸಾರೆ ಒಪ್ಪುತ್ತೇನೆ. ಆದರೆ ಅದೇ ಗಾಳಿ ಕುಡಿದ ಜನ? 2007ರಲ್ಲಿ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ರ್‍ಯಾಂಡಲ್ ಪ್ಯಾರಿಷ್ ತಂಡ ಪರೀಕ್ಷಿಸಿದ ಐವರು ಮಾಜಿ ಕಾರ್ಮಿಕರ ಮೂತ್ರದಲ್ಲೂ ಈ ಯುರೇನಿಯಂ ಸಿಕ್ಕಿತು. ಪರೀಕ್ಷೆಗೆ ಬಂದ ನೆರೆಹೊರೆಯವರಲ್ಲಿ ಕೆಲವರಲ್ಲೂ ಸಿಕ್ಕಿತು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ಕಳೆದ ಮೇಲೆ! ಮೂತ್ರದಲ್ಲಿ ಸಿಕ್ಕಿತೆಂದರೆ ರೋಗ ಬಂದಿದೆ ಎಂದಲ್ಲ. ಬಂದಿದೆಯೇ ಇಲ್ಲವೇ ಎಂದು ತಿಳಿಯಬೇಕಾದರೆ ಆ ಜನರನ್ನು ಬಿಡದೆ ನೋಡುತ್ತಿರಬೇಕು.

ಇರಾಕಿನ ಸಮಾವಾದಿಂದ ಮರಳಿದ ನಿಮ್ಮದೇ ನ್ಯಾಷನಲ್ ಗಾರ್ಡಿನ 442ನೇ ಕಂಪನಿಯ ಸೈನಿಕರೂ 2004ರಲ್ಲಿ ಪತ್ರಿಕೆಯೊಂದರ ನೆರವಿನಿಂದ ಇದೇ ಯುರೇನಿಯಂಗಾಗಿ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. ಆ ಫಲಿತಾಂಶವನ್ನು ಸೇನೆ ಒಪ್ಪಲಿಲ್ಲ. ಇವತ್ತು ಮಾಜಿ ಸೈನಿಕರಿಗೆ ವೆಟರನ್ಸ್ ಇಲಾಖೆ ಮೂತ್ರ ಪರೀಕ್ಷೆ ಮಾಡಿಕೊಡುತ್ತದೆ. ಅದೇ ಬಾಗಿಲನ್ನು ಕೊಲೊನಿಯವರಿಗೂ ತೆರೆಯಿರಿ. ಹಳೆಯ ಸಂಬಳದ ಪಟ್ಟಿ, ಮನೆ ತೆರಿಗೆಯ ಕಡತ ತೆಗೆಸಿ, ಹೆಸರು ಹಿಡಿದು ಕಾಗದ ಬರೆಯಿಸಿ, ರಾಜ್ಯದ ಖರ್ಚಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ವರ್ಷಕ್ಕೊಮ್ಮೆ ಮೂತ್ರಪಿಂಡ, ಶ್ವಾಸಕೋಶ ನೋಡಿಸಿ.

ಬೇಗ ಮಾಡಿಸಿ. ಕಾರ್ಖಾನೆ ಮುಚ್ಚಿದಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೂ ಈಗ ಅರವತ್ತು ದಾಟಿದೆ.

ಇಂತಿ,
ನಿಮ್ಮ ರಾಜ್ಯದ ಒಬ್ಬ ಕನ್ನಡಿಗ