ಬೆವರಿನ ಬೆಲೆ ಕರಗದಿರಲಿ



ಬೆಲೆಯೇರಿಕೆಯನ್ನು ನಾವು ಸಂತೆಯ ಸುದ್ದಿಯೆಂದು ತಿಳಿದಿದ್ದೇವೆ. ನಾನು ಅದನ್ನು ಕಾಯಕದ ಪ್ರಶ್ನೆಯಾಗಿ ನೋಡುತ್ತೇನೆ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ, ಇಂದು ಪೆಟ್ಟಿಗೆಯಲ್ಲಿಟ್ಟ ನೂರು ರೂಪಾಯಿಗೆ 12 ವರ್ಷಗಳ ನಂತರ ಇಂದಿನ ಐವತ್ತು ರೂಪಾಯಿಯ ದಿನಸಿ ಮಾತ್ರ ಬರುತ್ತದೆ. ಉಳಿದರ್ಧ ಬೆವರನ್ನು ಕದ್ದವರು ಕಣ್ಣಿಗೆ ಕಾಣುವುದಿಲ್ಲ. ದುಡಿಮೆಯ ಬಹುಪಾಲು ಹೊಟ್ಟೆಗೇ ಹೋಗುವ ಬಡವರಿಗೆ ಈ ಪೆಟ್ಟು ಹೆಚ್ಚು.

ಇದಕ್ಕೆ ಕ್ರಿಪ್ಟೊ ಕರೆನ್ಸಿಯೇ ಮದ್ದು ಎಂದು ನಮ್ಮ ಕೆಲವು ಯುವಕರು ವಾದಿಸುತ್ತಾರೆ. ಅವರ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಸರ್ಕಾರಗಳು ಹಣದ ಪ್ರಮಾಣವನ್ನು ಹೆಚ್ಚಿಸುತ್ತಲೇ ಹೋಗಬಹುದು. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್‌ಗೆ 2.1 ಕೋಟಿ ನಾಣ್ಯಗಳ ಮಿತಿಯಿದೆ. ಆದರೆ ಸಂಖ್ಯೆಗೆ ಮಿತಿಯಿದ್ದ ಮಾತ್ರಕ್ಕೆ ಬೆಲೆ ನಿಲ್ಲುವುದಿಲ್ಲ. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ ಬಿಟ್‌ಕಾಯಿನ್, ಮರುವರ್ಷದ ನವೆಂಬರ್‌ನಲ್ಲಿ 16,000ದ ಆಸುಪಾಸಿಗೆ ಕುಸಿಯಿತು. ಲೋಕವೆಲ್ಲ ಬೆಲೆಯೇರಿಕೆಯಿಂದ ನರಳಿದ ವರ್ಷವೇ ಅದು. ಮುಂದೆ ಮತ್ತೆ ಏರಿತು, ನಿಜ. ಆದರೆ ಮಗಳ ಕಾಲೇಜು ಶುಲ್ಕ, ತಾಯಿಯ ಆಸ್ಪತ್ರೆ ಖರ್ಚು ಅಲ್ಲಿಯವರೆಗೆ ಕಾಯುವುದಿಲ್ಲ. ನಮ್ಮ ದೇಶದಲ್ಲಿ 2022ರಿಂದ ಇದರ ಲಾಭಕ್ಕೆ ಶೇ. 30 ತೆರಿಗೆಯೂ ಇದೆ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ಹೊಲ ಕಾಳು ಕೊಡುತ್ತದೆ, ಮಗ್ಗ ಬಟ್ಟೆ ಕೊಡುತ್ತದೆ. ಬಿಟ್‌ಕಾಯಿನ್ ಏನನ್ನೂ ಬೆಳೆಯುವುದಿಲ್ಲ. ನಾಳೆ ಇನ್ನೊಬ್ಬರು ಹೆಚ್ಚು ಕೊಟ್ಟು ಕೊಂಡರಷ್ಟೇ ಲಾಭ. ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಲು ಹೇಳಿದ ಲಕ್ಕಮ್ಮನ ಪರಂಪರೆ ನಮ್ಮದು. ಸಾಲ ಮಾಡಿ, ಒಡವೆ ಅಡವಿಟ್ಟು ಇಂಥ ಆಸೆಗೆ ಬೀಳುವುದು ಕಾಯಕವಲ್ಲ.

ಹಾಗಾದರೆ ದಾರಿ ಯಾವುದು? ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮಲ್ಲಿ ಜಮೀನು, ಅಂಗಡಿ, ಕಾರ್ಖಾನೆ ಉಳ್ಳವರು ಅನೇಕರು. ನಮ್ಮ ಮಠಗಳು ನೂರಾರು ಶಾಲೆ, ಕಾಲೇಜು ನಡೆಸುತ್ತಿವೆ. ಬೇಳೆ, ಎಣ್ಣೆಯ ಬೆಲೆ ಏರಿದಾಗ ಕೂಲಿಯಾಳಿನ ಕೂಲಿ, ಅಡುಗೆಯವರ ಹಾಗೂ ಆಯಾಗಳ ಸಂಬಳ ಏರಿದೆಯೇ? ಏರಿಸದಿದ್ದರೆ ಪ್ರತಿವರ್ಷ ಅದನ್ನು ಕಡಿತ ಮಾಡಿದಂತೆಯೇ. ಕಾಯಕವೇ ಕೈಲಾಸ ಎಂದು ವೇದಿಕೆಯಲ್ಲಿ ಹೇಳಿ, ಕಾಯಕಜೀವಿಯ ಕೈಗೆ ಹಳೆಯ ಕೂಲಿಯನ್ನೇ ಇಡುವುದು ಶರಣರಿಗೆ ಒಪ್ಪುವ ನಡೆಯಲ್ಲ.

ಪ್ರತಿವರ್ಷ ಬಸವ ಜಯಂತಿಯ ಹೊತ್ತಿಗೆ ಪ್ರತಿ ಮಠ, ಪ್ರತಿ ಮನೆ ತಾನು ಕೊಡುವ ಕೂಲಿಯನ್ನು ದಿನಸಿಯ ಬೆಲೆಯೊಂದಿಗೆ ತಾಳೆ ನೋಡಲಿ ಎಂಬುದು ನನ್ನ ಅರಿಕೆ. ದಾಸೋಹ ಅಲ್ಲಿಂದಲೇ ಆರಂಭವಾಗಲಿ.