ವಿದೇಶದಲ್ಲಿ ಮರುದಿನವೇ ಸೆಂಟ್ರಿಂಗ್ ಬಿಚ್ಚುತ್ತಾರೆ, ನಮ್ಮಲ್ಲೇಕೆ ವಾರಗಟ್ಟಲೆ ಬಿಡುತ್ತಾರೆ?

ಹೊರಗೆ ಹಿಮ ಬಿದ್ದಿರುತ್ತದೆ. ಕೆಲಸಗಾರರು ಗೋಡೆಯ ಅಚ್ಚಿಗೆ ಕಾಂಕ್ರೀಟ್ ಸುರಿಯುತ್ತಾರೆ, ಮರುದಿನ ಪ್ಯಾನೆಲ್ ಬಿಚ್ಚಿದರೆ ನುಣ್ಣನೆಯ ಗೋಡೆ ನಿಂತಿರುತ್ತದೆ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಅದರ ಜೊತೆ ಬರುವ ಸಾಲುಗಳು ಹೆಚ್ಚುಕಡಿಮೆ ಹೀಗಿರುತ್ತವೆ: ‘ಅಲ್ಲಿ ಒಂದೇ ದಿನದ ಕೆಲಸ, ನಮ್ಮ ಮೇಸ್ತ್ರಿಗಳು ಮಾತ್ರ ಬಾಡಿಗೆಗಾಗಿ ಸೆಂಟ್ರಿಂಗನ್ನು ಮೂರು ವಾರ ಎಳೆಯುತ್ತಾರೆ.’

ವಿಡಿಯೋದಲ್ಲಿ ಕಾಣುವುದು ನಿಜವೇ ಇರಬಹುದು. ಅದನ್ನು ನೋಡಿ ನಮ್ಮ ಮನೆಯ ಮೋಲ್ಡ್‌ನ ಕಂಬ ತೆಗೆಸಲು ಹೊರಡುವುದು ಅಪಾಯ. ಯಾಕೆ ಎನ್ನುವುದಕ್ಕೆ ಆ ಅಚ್ಚಿನೊಳಗೆ ಏನಾಗುತ್ತದೆ ಎಂದು ನೋಡಬೇಕು.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆಯೇ?

ಇಲ್ಲ. ಇದು ಬಹಳ ಜನ ನಂಬಿರುವ ತಪ್ಪು. ಈ ವಿಷಯ ಓದಲು ಕೂರುವವರೆಗೆ ನಮ್ಮಲ್ಲೂ ಕೆಲವರು ಹಾಗೇ ಅಂದುಕೊಂಡಿದ್ದೆವು. ಮಣ್ಣಿನ ಇಟ್ಟಿಗೆ ಬಿಸಿಲಲ್ಲಿ ಒಣಗುವಂತೆ ಕಾಂಕ್ರೀಟ್ ಒಣಗುವುದಿಲ್ಲ. ಸಿಮೆಂಟ್ ಮತ್ತು ನೀರು ಸೇರಿ ರಾಸಾಯನಿಕ ಕ್ರಿಯೆ ನಡೆದು, ಹೊಸದಾಗಿ ಹುಟ್ಟುವ ಪದಾರ್ಥ ಜಲ್ಲಿ ಮತ್ತು ಮರಳನ್ನು ಹಿಡಿದುಕೊಳ್ಳುತ್ತದೆ. ನೀರು ಆವಿಯಾಗಿ ಹೋದರೆ ಈ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಕ್ಯೂರಿಂಗ್ ಮಾಡುವುದು, ಅಂದರೆ ಮೋಲ್ಡ್ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಇದೇ ಕಾರಣಕ್ಕೆ.

ಈ ಕ್ರಿಯೆಯಲ್ಲಿ ಶಾಖವೂ ಹೊರಬರುತ್ತದೆ. 50 ಕೆಜಿಯ ಒಂದು ಚೀಲ ಸಾಮಾನ್ಯ ಸಿಮೆಂಟ್ ಮೊದಲ ವಾರದಲ್ಲಿ ಹೊರಹಾಕುವ ಶಾಖವನ್ನೆಲ್ಲ ಹಿಡಿದಿಡಲು ಸಾಧ್ಯವಾದರೆ, ಅದರಿಂದ ಸುಮಾರು 40 ಲೀಟರ್ ನೀರು ಕಾಯಿಸಿ ಕುದಿಸಬಹುದು. ತೆಳುವಾದ ಚಾವಣಿಯಿಂದ ಈ ಶಾಖ ಬೇಗ ಹೊರಟುಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಇನ್ನೊಂದು ಮುಖ್ಯ ಸಂಗತಿಯೆಂದರೆ ಈ ಕ್ರಿಯೆಯ ವೇಗ ಉಷ್ಣತೆಯನ್ನು ಅವಲಂಬಿಸಿದೆ. ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ನಿಧಾನ. ಮೊಸರು ಹೆಪ್ಪಾಗುವ ಹಾಗೆ ಅಂದುಕೊಳ್ಳಿ.

ಅಚ್ಚಿಗೊಂದು ಕಂಬಳಿ

ಕೆನಡಾ, ಉತ್ತರ ಯುರೋಪ್‌ನಂಥ ಕಡೆ ಚಳಿಗಾಲದಲ್ಲಿ ಇನ್ನೊಂದು ತೊಂದರೆಯೂ ಇದೆ. ಹಸಿ ಕಾಂಕ್ರೀಟ್‌ನೊಳಗಿನ ನೀರು ಹೆಪ್ಪುಗಟ್ಟಿದರೆ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಇನ್ನೂ ಬಲ ಬಾರದ ಕಾಂಕ್ರೀಟ್ ಒಳಗಿನಿಂದಲೇ ಬಿರುಕು ಬಿಟ್ಟು, ಎಂದಿಗೂ ಪೂರ್ತಿ ಬಲಕ್ಕೆ ಬರುವುದಿಲ್ಲ.

ಅದಕ್ಕೇ ಅಲ್ಲಿ ಶಾಖ ತಡೆಯುವ ಅಚ್ಚುಗಳನ್ನು ಬಳಸುತ್ತಾರೆ. ಕಬ್ಬಿಣ ಅಥವಾ ಪ್ಲೈವುಡ್ ಪ್ಯಾನೆಲ್‌ನ ಹಿಂಬದಿಗೆ ಥರ್ಮೋಕೋಲ್‌ನಂಥ ಫೋಮ್ ಕೂರಿಸಿರುತ್ತಾರೆ. ಕಬ್ಬಿಣದ ಶೀಟ್ ಮರಕ್ಕಿಂತ ನೂರಾರು ಪಟ್ಟು ಸುಲಭವಾಗಿ ಶಾಖ ಬಿಟ್ಟುಕೊಡುತ್ತದೆ. ಫೋಮ್ ಮರಕ್ಕಿಂತಲೂ ಮೂರು ನಾಲ್ಕು ಪಟ್ಟು ಚೆನ್ನಾಗಿ ತಡೆಯುತ್ತದೆ. ಹೀಗೆ ಸಿಮೆಂಟಿನ ಶಾಖ ಸಿಮೆಂಟಿಗೇ ಕೆಲಸಕ್ಕೆ ಬರುತ್ತದೆ. ಮೇಲ್ಭಾಗಕ್ಕೆ ಹೊದಿಕೆ ಮುಚ್ಚುತ್ತಾರೆ. ಮೂಲೆಗಳು ಮತ್ತು ಹೊರಚಾಚಿದ ಕಂಬಿಗಳ ಜಾಗ ಬೇಗ ತಣ್ಣಗಾಗುವುದರಿಂದ ಅಲ್ಲಿ ಹೊದಿಕೆ ಇನ್ನೂ ದಪ್ಪವಿರುತ್ತದೆ. ಕೆಲಸ ಮುಗಿದ ಮೇಲೆ ಪ್ಯಾನೆಲ್ ಬಿಚ್ಚಿ ಮುಂದಿನ ಗೋಡೆಗೆ ಒಯ್ಯುತ್ತಾರೆ. ಥರ್ಮೋಕೋಲ್ ಬ್ಲಾಕ್‌ಗಳು ಗೋಡೆಯಲ್ಲೇ ಉಳಿದುಬಿಡುವ ಇನ್ನೊಂದು ಪದ್ಧತಿಯೂ ಇದೆ. ಫಾರ್ವರ್ಡ್‌ಗಳು ಸಾಮಾನ್ಯವಾಗಿ ಇವೆರಡನ್ನೂ ಕಲಸಿಬಿಡುತ್ತವೆ.

ಹೀಟರ್ ಹಚ್ಚಿದರೆ ಆಗದೇ? ಹಚ್ಚುತ್ತಾರೆ, ಆದರೆ ಇಂಧನದ ಖರ್ಚು ಹೆಚ್ಚು. ಜೊತೆಗೆ ಹೊಗೆ ಹೊರಹೋಗದ ಹೀಟರ್‌ನ ಇಂಗಾಲದ ಡೈಆಕ್ಸೈಡ್ ಹಸಿ ಕಾಂಕ್ರೀಟ್‌ನ ಮೇಲ್ಮೈಯನ್ನು ಪುಡಿಪುಡಿಯಾಗುವಂತೆ ಮಾಡುತ್ತದೆ.

ಬಿಚ್ಚುವಾಗಲೂ ಅವಸರ ಮಾಡುವಂತಿಲ್ಲ. ಒಳಗೆ ಬಿಸಿಯಿರುವ ದಪ್ಪ ಗೋಡೆಯ ಹೊದಿಕೆಯನ್ನು ಹಿಮಗಾಳಿಯಲ್ಲಿ ಒಮ್ಮೆಲೇ ತೆಗೆದರೆ, ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಸುರಿದಂತಾಗಿ ಬಿರುಕು ಬಿಡುತ್ತದೆ. ಒಳಗಿನ ಮತ್ತು ಮೇಲ್ಮೈಯ ಉಷ್ಣತೆಯ ಅಂತರ 20 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು ಎಂಜಿನಿಯರ್‌ಗಳು ಬಹುಕಾಲದಿಂದ ಬಳಸುತ್ತಿರುವ ಲೆಕ್ಕ. ನಮ್ಮಲ್ಲೂ ದೊಡ್ಡ ಕಟ್ಟಡಗಳ ಅಡಿಪಾಯಕ್ಕೆ ಒಂದು ಮೀಟರ್‌ಗಿಂತ ದಪ್ಪನೆಯ ರಾಫ್ಟ್ ಹಾಕಿದಾಗ ಮೇಲೆ ಥರ್ಮೋಕೋಲ್ ಹಾಸುವುದುಂಟು. ಅದು ಚಳಿಗಲ್ಲ, ಈ ಅಂತರ ಹೆಚ್ಚದಿರಲಿ ಎಂದು.

ವಿಡಿಯೋದಲ್ಲಿ ಕಾಣದ್ದು ಇದೆಲ್ಲ. ಬಿಚ್ಚುವ ಮೊದಲು ಕಾಂಕ್ರೀಟ್‌ನೊಳಗೆ ಇಟ್ಟ ಸೆನ್ಸರ್‌ನಿಂದ ಉಷ್ಣತೆ ನೋಡುತ್ತಾರೆ, ಮಾದರಿ ತುಂಡುಗಳನ್ನು ಯಂತ್ರದಲ್ಲಿ ಒಡೆದು ಬಲ ಅಳೆಯುತ್ತಾರೆ. ಇನ್ನೊಂದು ಮಾತು: ಅಲ್ಲಿ ಬಿಚ್ಚಿದ್ದು ಗೋಡೆಯ ಅಚ್ಚು, ಚಾವಣಿಯ ಕೆಳಗಿನ ಕಂಬವಲ್ಲ.

ಅವಸರಕ್ಕೆ ತೆತ್ತ ಬೆಲೆ

ಅಲ್ಲಿಯೂ ತಪ್ಪಾಗಿಲ್ಲವೆಂದಲ್ಲ. 1973ರ ಮಾರ್ಚ್ 2ರಂದು ಅಮೆರಿಕದ ವರ್ಜೀನಿಯಾದಲ್ಲಿ ಕಟ್ಟುತ್ತಿದ್ದ ಸ್ಕೈಲೈನ್ ಪ್ಲಾಜಾ ಬಹುಮಹಡಿ ಕಟ್ಟಡ ಕುಸಿದು 14 ಕೆಲಸಗಾರರು ಸತ್ತರು. ಹೊಸ ಮಹಡಿಯ ಕೆಳಗಿನ ಆಧಾರ ಕಂಬಗಳನ್ನು ಅವಧಿಗೆ ಮೊದಲೇ ತೆಗೆದಿದ್ದರು.

1978ರ ಏಪ್ರಿಲ್ 27ರಂದು ವೆಸ್ಟ್ ವರ್ಜೀನಿಯಾದ ವಿಲೋ ಐಲೆಂಡ್‌ನಲ್ಲಿ ನಡೆದದ್ದು ಇನ್ನೂ ದೊಡ್ಡ ದುರಂತ. ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ಕಟ್ಟುತ್ತಿದ್ದರು. ಕೆಲಸಗಾರರು ನಿಂತಿದ್ದ ಅಟ್ಟಣಿಗೆಗೆ ಟವರ್‌ನ ಕಾಂಕ್ರೀಟೇ ಆಧಾರ, ಅದರಲ್ಲೂ ಹಿಂದಿನ ದಿನವಷ್ಟೇ ಸುರಿದ ಮೇಲಿನ ಸುತ್ತು. ತಂಪು ಹವೆಯಲ್ಲಿ ಅದು ಸಾಕಷ್ಟು ಬಲಗೊಂಡಿರಲಿಲ್ಲ. ಆ ಸುತ್ತು ಕಳಚಿತು, ಅಟ್ಟಣಿಗೆಯ ಸಮೇತ 51 ಮಂದಿ ಕೆಳಗೆ ಬಿದ್ದು ಸತ್ತರು. ನಿನ್ನೆಯ ಕಾಂಕ್ರೀಟ್ ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಬೆರಳಿನಿಂದ ಒತ್ತಿಯೋ, ಬಣ್ಣ ನೋಡಿಯೋ ಅದರ ಬಲ ಹೇಳಲು ಬರುವುದಿಲ್ಲ.

ನಮ್ಮ ಮನೆಯ ಮೋಲ್ಡ್‌ಗೆ ಯಾವ ಲೆಕ್ಕ?

ಭಾರತೀಯ ಮಾನಕ ಬ್ಯೂರೋದ ಐಎಸ್ 456:2000 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಗೋಡೆ, ಕಾಲಂ, ಬೀಮ್‌ನ ಪಕ್ಕದ ಶಟರಿಂಗ್ 16ರಿಂದ 24 ಗಂಟೆಯ ನಂತರ ತೆಗೆಯಬಹುದು. ಅಂದರೆ ನಮ್ಮಲ್ಲೂ ಮರುದಿನವೇ! ಚಾವಣಿಯ ಅಡಿಯ ಶೀಟನ್ನು 3 ದಿನಕ್ಕೆ ತೆಗೆಯಬಹುದು, ಆದರೆ ತೆಗೆದ ಕೂಡಲೇ ಕಂಬ ಮತ್ತೆ ನಿಲ್ಲಿಸಬೇಕು. ಕಂಬಗಳನ್ನು ಪೂರ್ತಿ ತೆಗೆಯಲು, ಚಾವಣಿಯ ಸ್ಪ್ಯಾನ್ 4.5 ಮೀಟರ್‌ವರೆಗೆ ಇದ್ದರೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. ಬೀಮ್‌ಗೆ 6 ಮೀಟರ್‌ವರೆಗೆ 14 ದಿನ, ಆಚೆಗೆ 21 ದಿನ. ಮೇಸ್ತ್ರಿ ಹೇಳುವ ‘ಮೂರು ವಾರ’ ಆಕಾಶದಿಂದ ಉದುರಿದ್ದಲ್ಲ.

ಇಷ್ಟನ್ನು ಹಂಚಿಕೊಳ್ಳುವವರು ಬಿಟ್ಟುಬಿಡುವ ಒಂದು ಷರತ್ತಿದೆ. ಈ ದಿನಗಳೆಲ್ಲ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್, ಅಂದರೆ ಒಪಿಸಿಗೆ. ಅದೂ ಹವೆಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯದೆ, ಕ್ಯೂರಿಂಗ್ ಸರಿಯಾಗಿದ್ದಾಗ. ಮನೆ ಕೆಲಸಕ್ಕೆ ಅಂಗಡಿಯಿಂದ ತರುವುದು ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ. ಅದು ಮೊದಲ ದಿನಗಳಲ್ಲಿ ನಿಧಾನ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಿಕ್ಕಮಗಳೂರು, ಮಡಿಕೇರಿ, ಬೀದರ್, ಕೆಲವೊಮ್ಮೆ ಬೆಂಗಳೂರೂ 15 ಡಿಗ್ರಿಗಿಂತ ಕೆಳಗಿಳಿಯುತ್ತವೆ. ಆಗ ಎರಡೂ ಷರತ್ತು ತಪ್ಪಿದಂತೆ.

ಎಷ್ಟು ಹೆಚ್ಚು ಕಾಯಬೇಕು? 1950ರ ಆಸುಪಾಸಿನಲ್ಲಿ ಬ್ರಿಟನ್ನಿನ ನರ್ಸ್ ಮತ್ತು ಸಾಲ್ ರೂಪಿಸಿದ ಸರಳ ಲೆಕ್ಕವೊಂದಿದೆ. ಉಷ್ಣತೆಗೆ 10 ಸೇರಿಸಿ ದಿನಗಳಿಂದ ಗುಣಿಸಬೇಕು. 30 ಡಿಗ್ರಿಯಲ್ಲಿ 7 ದಿನಕ್ಕೆ 280 ಬರುತ್ತದೆ. ಸರಾಸರಿ 15 ಡಿಗ್ರಿಯಿದ್ದರೆ ಅದೇ 280 ಮುಟ್ಟಲು 11 ದಿನ ದಾಟಬೇಕು. ಇದು ಅಂದಾಜು ಮಾತ್ರ. ನಿಮ್ಮ ಮನೆಯ ದಿನಾಂಕವನ್ನು ಸ್ಥಳ ನೋಡಿದ ಎಂಜಿನಿಯರ್ ಹೇಳಲಿ, ಫಾರ್ವರ್ಡ್ ಆಗಲಿ ನಾವಾಗಲಿ ಅಲ್ಲ.

ಹಾಗಾದರೆ ನಾವೂ ಥರ್ಮೋಕೋಲ್ ಸುತ್ತಬೇಕೇ? ಸಾಮಾನ್ಯ ಮನೆಗೆ ಬೇಕಿಲ್ಲ. ಕಲಬುರಗಿಯ ಏಪ್ರಿಲ್‌ನಲ್ಲಿ ಶಾಖಕ್ಕೇನು ಕೊರತೆ? ಅಲ್ಲಿ ಕಳೆದುಹೋಗುವುದು ನೀರು. ಮರುದಿನ ಕಾಲಂನ ಶಟರಿಂಗ್ ಬಿಚ್ಚಿದರೆ ಅದೇ ಗಳಿಗೆಗೆ ಒದ್ದೆ ಗೋಣಿಚೀಲ ಸುತ್ತಿ, ಹೊರಗೆ ಪ್ಲಾಸ್ಟಿಕ್ ಶೀಟ್ ಕಟ್ಟಿಸಿ. ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ, ಸುಡುವ ಒಣ ಬೇಸಿಗೆಯಾದರೆ 14 ದಿನ ಗೋಣಿ ಒಣಗದಂತೆ ನೋಡಿಕೊಳ್ಳಿ. ಚಾವಣಿಯ ಕಟ್ಟೆಗೆ ನೀರು ಬಿಡುವವರು ಕಾಲಂ ಮರೆಯುವುದೇ ಹೆಚ್ಚು.